ಅಪ್ಪ ಮೊದಲು

ಹೊನ್ನಾವರದ ಬಜಾರಿನಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಮದುವೆ, ಗೃಹಪ್ರವೇಶ ಎಲ್ಲಕ್ಕೂ ಹೋಗುತ್ತೇನಾದರೂ ನನಗೆ ಹೆಸರು ಬಂದದ್ದು ಚಿಕ್ಕ ಮಕ್ಕಳ ಫೋಟೋದಿಂದ. ಭಟ್ಕಳದಿಂದ ಕುಮಟಾದವರೆಗೆ ಯಾರ ಮನೆಯಲ್ಲಿ ತೊಟ್ಟಿಲ ಶಾಸ್ತ್ರವಾದರೂ, ಮೊದಲ ಹುಟ್ಟುಹಬ್ಬವಾದರೂ "ಆ ಜುಟ್ಟಿನ ಭಾಸ್ಕರನ್ನ ಕರೀರಿ, ಮಗು ಅಳೂದಿಲ್ಲ" ಎನ್ನುತ್ತಾರೆ. ಹಾಗೆನ್ನುತ್ತಾರೆ ಎಂದು ನಾನೇ ಹೇಳಿಕೊಂಡು ತಿರುಗುತ್ತೇನೆ.

ಜುಟ್ಟು ಮಾತ್ರ ನಿಜವಾಗಿಯೂ ಇತ್ತು. ಭುಜದವರೆಗೆ ಬಿಟ್ಟ ಕೂದಲನ್ನು ಹಿಂದಕ್ಕೆ ಬಾಚಿ ರಬ್ಬರ್ ಬ್ಯಾಂಡ್ ಹಾಕುತ್ತಿದ್ದೆ. ಫೋಟೋಗ್ರಾಫರ್ ಎಂದರೆ ಹೀಗಿರಬೇಕು ಎಂದು ಯಾರು ಹೇಳಿದ್ದರೋ ನೆನಪಿಲ್ಲ. ಮೋಟರ್ ಸೈಕಲ್ ಮೇಲೆ ಹೋಗುವಾಗ ಅದು ಗಾಳಿಗೆ ಹಾರುತ್ತದೆ ಎಂಬ ಕಾರಣಕ್ಕೆ ಎಷ್ಟೋ ಸಲ ಹೆಲ್ಮೆಟ್ ಬಿಟ್ಟು ಹೋಗಿ ಪೊಲೀಸರ ಕೈಗೆ ಸಿಕ್ಕಿದ್ದೇನೆ.

ಫೋಟೋದ ಜೊತೆಗೆ ತಂದೆತಾಯಿಗಳಿಗೆ ಉಪದೇಶವನ್ನೂ ಕೊಡುತ್ತಿದ್ದೆ. ಮಗು ಕಿರುಚಿದರೆ ಸಾಕು, "ನೋಡಿ, ಮಕ್ಕಳಿಗೆ ತಾವಾಗಿ ಹೆದರಿಕೆ ಬರೂದಿಲ್ಲ. ದೊಡ್ಡವರ ಮುಖ ನೋಡಿ ಹೆದರ್ತವೆ. ನೀವು ನಿಮ್ಮ ಮುಖ ಸರಿ ಇಟ್ಕೊಳ್ಳಿ" ಎನ್ನುತ್ತಿದ್ದೆ. ಪಾಪ, ಅವರು ಮುಖ ಸರಿ ಇಟ್ಟುಕೊಳ್ಳುತ್ತಿದ್ದರು. ಮಗು ಕಿರುಚುತ್ತಲೇ ಇರುತ್ತಿತ್ತು.

ನನ್ನ ಮಗಳು ಸುಚಿತಾಳಿಗೆ ಮೂರು ತುಂಬಿ ನಾಲ್ಕು ನಡೆಯುತ್ತಿತ್ತು. ನಾವು ಸುಚಿ ಎನ್ನುತ್ತೇವೆ. ಹುಟ್ಟಿದಾಗ ಅವಳು ದಿನ ತುಂಬಿರದ, ಅಂಗೈಯಷ್ಟಿದ್ದ ಕೂಸು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಅವಳನ್ನು ಮಲಗಿಸಿದ್ದಾಗ, ಭಟ್ಕಳದ ಹತ್ತಿರದ ಬೆಳಕೆ ಎಂಬ ನಮ್ಮೂರಲ್ಲಿ ಅಣ್ಣನ ಮನೆಯಲ್ಲಿರುವ ನನ್ನ ಅಮ್ಮ ಮಾಸ್ತಮ್ಮ ಊರ ದೇವಿಗೆ ಹರಕೆ ಹೇಳಿಕೊಂಡಿದ್ದಳು. ಕೂಸು ಉಳಿದರೆ ಅದರ ಹುಟ್ಟುಗೂದಲು ನಿನಗೆ ಎಂದು. ಕೂಸು ಉಳಿಯಿತು, ಉಳಿದದ್ದಷ್ಟೇ ಅಲ್ಲ, ಮನೆಯ ಯಜಮಾನಿಕೆ ವಹಿಸಿಕೊಂಡಿತು. ಆದರೆ ಅಷ್ಟರಲ್ಲಿ ತಲೆತುಂಬ ಗುಂಗುರು ಕೂದಲು ಬಂದುಬಿಟ್ಟಿತ್ತು. ಸೊಸೈಟಿಯಲ್ಲಿ ಕೆಲಸ ಮಾಡುವ ನನ್ನ ಹೆಂಡತಿ ದಿವ್ಯಶ್ರೀ ಅದನ್ನು ತೆಗೆಸಲು ಮನಸ್ಸಾಗದೆ ಜವಳವನ್ನು ಮುಂದೂಡುತ್ತಲೇ ಬಂದಳು. ಈ ಬೇಸಗೆಯಲ್ಲಿ ಅಮ್ಮ ಫೋನಿನಲ್ಲಿ ಖಡಕ್ಕಾಗಿ ಹೇಳಿದಳು:

"ಜೂನಿಗೆ ಮಗು ಶಾಲಿಗೆ ಹೋಗೂದು. ಅದ್ಕೂ ಮೊದ್ಲು ಆಗ್ಬೇಕು. ದೇವ್ರು ಎಷ್ಟು ದಿನ ಕಾಯೂದು?"

ಮೇ ತಿಂಗಳ ಒಂದು ಭಾನುವಾರ ನಿಶ್ಚಯವಾಯಿತು. ಬೆಳಕೆಯ ದೇವಸ್ಥಾನದಲ್ಲೇ ಜವಳ, ಅಲ್ಲೇ ಊಟ.

ಮಗುವಿನ ಮನಸ್ಸನ್ನು ಮೊದಲೇ ತಯಾರು ಮಾಡಬೇಕು ಎಂದು ನಾನು ತೀರ್ಮಾನಿಸಿದೆ. ಸುಚಿಯ ಬಳಿ ಚಿನ್ನಿ ಎಂಬ ಗೊಂಬೆಯಿತ್ತು, ಅದಕ್ಕೆ ಬಂಗಾರ ಬಣ್ಣದ ಉದ್ದ ಕೂದಲು. ಒಂದು ಸಂಜೆ ಮಗಳನ್ನು ಎದುರಿಗೆ ಕೂರಿಸಿಕೊಂಡು, ಗಡ್ಡ ತೆಗೆಯುವ ಟ್ರಿಮ್ಮರಿನಿಂದ ಚಿನ್ನಿಯ ತಲೆಯನ್ನು ನುಣ್ಣಗೆ ಬೋಳಿಸಿದೆ.

"ನೋಡು ಮಗಾ, ಚಿನ್ನಿ ಅತ್ಲಾ?"

"ಇಲ್ಲ."

"ನೋವಾಯ್ತಾ ಅವ್ಳಿಗೆ?"

"ಇಲ್ಲ. ಅಪ್ಪಾ, ಕೂದ್ಲು ಮತ್ತೆ ಬತ್ತದಾ?"

"ಓಹೋ, ಬೇಗ ಬತ್ತದೆ!"

ನನ್ನ ಉಪಾಯಕ್ಕೆ ನಾನೇ ಮೆಚ್ಚಿ ಟ್ರಿಮ್ಮರ್ ಊದಿ ಒಳಗಿಟ್ಟೆ. ಮರುದಿನ ಬೆಳಿಗ್ಗೆ ನೋಡಿದರೆ ಸುಚಿ ಗೊಂಬೆಯ ತಲೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ಅದರ ಮರುದಿನವೂ ಹಚ್ಚಿದಳು. ವಾರ ಕಳೆಯಿತು. ದಿನಾ ಎದ್ದ ಕೂಡಲೇ ಆ ಪ್ಲಾಸ್ಟಿಕ್ ತಲೆಯನ್ನು ಬೆಳಕಿಗೆ ಹಿಡಿದು ನೋಡಿ, ಆಮೇಲೆ ನನ್ನನ್ನು ನೋಡುತ್ತಿದ್ದಳು. ಆ ನೋಟ ನನಗೆ ಒಂದಿಷ್ಟೂ ಹಿಡಿಸಲಿಲ್ಲ.

"ಗೊಂಬೆ ಕೂದ್ಲು ಬೆಳೀತದಾ?" ಎಂದಳು ದಿವ್ಯಶ್ರೀ. "ಅಷ್ಟೂ ತಲೆ ಓಡ್ಲಿಲ್ವಾ ನಿಮ್ಗೆ? ಇನ್ನು ಅವತ್ತು ನೀವೇ ಸುಧಾರಿಸ್ಕೊಳ್ಳಿ."

ಭಾನುವಾರ ಬಂತು. ದೇವಸ್ಥಾನದ ಅಂಗಳದಲ್ಲಿ ಚಪ್ಪರ ಹಾಕಿ ಚಾಪೆ ಹಾಸಿದ್ದರು. ನೆಂಟರು, ಊರವರು, ನನ್ನ ಗಿರಾಕಿಗಳು, ಎಲ್ಲ ಸೇರಿದ್ದರು. ನಮ್ಮ ಮನೆಯ ಎಲ್ಲ ಮಕ್ಕಳ ಜವಳವನ್ನೂ ಮಾಡಿದ ತಿಮ್ಮಣ್ಣ ಕ್ಷೌರದ ಕತ್ತಿ, ಕತ್ತರಿ, ತಂಬಿಗೆ ನೀರು ಇಟ್ಟುಕೊಂಡು ಕಾಯುತ್ತಿದ್ದ. ಜವಳಕ್ಕೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವವನು ಸೋದರಮಾವ. ದಿವ್ಯಶ್ರೀಯ ತಮ್ಮ ಸಂತೋಷ ಹೊಸ ಪಂಚೆಯುಟ್ಟು ಮಣೆಯ ಮೇಲೆ ಗತ್ತಿನಿಂದ ಕೂತ. ನಾನು ಎದುರಿಗೆ ಮಂಡಿಯೂರಿ ಕ್ಯಾಮರಾ ಹಿಡಿದೆ. ಇಂಥ ಫೋಟೋ ಈ ತಾಲೂಕಿನಲ್ಲಿ ಯಾರೂ ತೆಗೆದಿರಬಾರದು ಎಂದು ನನ್ನ ಎಣಿಕೆ.

ತಿಮ್ಮಣ್ಣ ಒದ್ದೆ ಕೈಯಿಂದ ತಲೆ ಮುಟ್ಟಿದ್ದೇ ತಡ, ಸುಚಿ ಸೋದರಮಾವನ ಕೈ ಕಚ್ಚಿ ಎದ್ದು ಓಡಿದಳು. ಓಡಿ ಕಂಬವನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡಳು.

"ಬ್ಯಾಡಾ! ಚಿನ್ನಿಗೆ ಕೂದ್ಲು ಬರ್ಲೇ ಇಲ್ಲಾ! ಅಪ್ಪ ಸುಳ್ಳ!"

ನೆರೆದವರೆಲ್ಲ ನನ್ನತ್ತ ತಿರುಗಿದರು. ನಾನು ನಕ್ಕು, ಕಸುಬಿನ ಸಾಮಾನು ಹೊರತೆಗೆದೆ. ಮೊದಲು ಪೀಪೀ ಎನ್ನುವ ರಬ್ಬರ್ ಬಾತುಕೋಳಿ. ಸುಚಿ ಅದನ್ನು ಕಿತ್ತು ಎಸೆದಳು. ಆಮೇಲೆ ಕಾಗೆಯ ಕೂಗು. ಇದು ನನ್ನ ಕೊನೆಯ ಅಸ್ತ್ರ, ಯಾವ ಮಗುವೂ ಇದಕ್ಕೆ ನಗದೆ ಇದ್ದದ್ದಿಲ್ಲ. ಎರಡು ಸಲ ಕೂಗಿದೆ. ಅಡುಗೆಯ ಕಡೆಯಿಂದ ಒಂದು ನಿಜವಾದ ಕಾಗೆ ಹಾರಿ ಬಂದು ಚಪ್ಪರದ ಮೇಲೆ ಕೂತು ನನಗೆ ಉತ್ತರ ಕೊಟ್ಟಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗದೆ ಇದ್ದವಳು ಸುಚಿ ಒಬ್ಬಳೇ.

ಅಣ್ಣನ ನೆರೆಮನೆಯ ಗಂಗಕ್ಕ ಅಲ್ಲೇ ಕೂತಿದ್ದಳು. ಹೋದ ವರ್ಷ ಅವಳ ಮೊಮ್ಮಗನ ಫೋಟೋ ನಾನೇ ತೆಗೆದಿದ್ದೆ, ಉಪದೇಶ ಸಮೇತ.

"ಭಾಸ್ಕರಾ," ಎಂದಳು, "ಮಕ್ಕಳು ಹೆದ್ರೂದು ದೊಡ್ಡೋರ ಮುಖ ನೋಡಿ ಅಂತ ನೀನೇ ಹೇಳಿದ್ಯಲ್ಲಾ? ನಿನ್ನ ಮುಖ ಒಂಚೂರು ಸರಿ ಮಾಡ್ಕೊ, ಕಾಂಬಾ."

ನಾನು ಮುಖ ಸರಿ ಮಾಡಿಕೊಂಡೆ. ಕಂಬದ ಬಳಿ ಹೋಗಿ, ಬಾಯಿಂದ ಎಂದೂ ಬರಬಾರದಿದ್ದ ಮಾತು ಆಡಿದೆ.

"ಎಂತದೂ ಆಗೂದಿಲ್ಲ ಮಗಾ. ಇದು ಎಷ್ಟು ಸುಲಭ ಗೊತ್ತದಾ? ಬೇಕಾದ್ರೆ ಅಪ್ಪ ಈಗ್ಲೇ ಮಾಡಿಸ್ಕೊಂಬುಕ್ಕೂ ತಯಾರು."

ನಲ್ಲಿ ತಿರುಗಿಸಿದಂತೆ ಅಳು ನಿಂತಿತು. ಸುಚಿ ಮೂಗು ಒರೆಸಿಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಹಂಗಾರೆ ಅಪ್ಪ ಮೊದ್ಲು."

"ಅದು ಹಂಗಲ್ಲ ಮಗಾ. ಹರಕೆ ಇದ್ದದ್ದು ನಿಂದು. ಅಪ್ಪಂದು ಅಲ್ಲ."

"ಅಪ್ಪ ಮೊದ್ಲು."

"ಒಂದು ಚೂರು ತುದಿ ಕತ್ತರಿಸ್ಕೊಳ್ತೆ, ಆತಾ?"

"ಪೂರಾ!"

ಸಹಾಯಕ್ಕಾಗಿ ಅಮ್ಮನನ್ನು ನೋಡಿದೆ. "ಹೆಚ್ಚು ಕೊಟ್ರೆ ದೇವ್ರು ಬ್ಯಾಡ ಅಂತಾಳಾ? ಕೂತ್ಕೊ ಮಾರಾಯ, ಊಟಕ್ಕೆ ಹೊತ್ತಾತು" ಎಂದಳು. ಹೆಂಡತಿಯನ್ನು ನೋಡಿದೆ. ಅವಳು ಆಗಲೇ ನನ್ನ ಕೊರಳಿನಿಂದ ಕ್ಯಾಮರಾ ಬಿಡಿಸಿ ತಮ್ಮನ ಕೈಗೆ ಕೊಡುತ್ತಿದ್ದಳು. ಮದುವೆಯಾದಂದಿನಿಂದ ಅವಳ ಮುಖದಲ್ಲಿ ಅಷ್ಟು ಖುಷಿ ನಾನು ಕಂಡಿರಲಿಲ್ಲ.

ಮಣೆಯ ಮೇಲೆ ಕೂತೆ. ತಿಮ್ಮಣ್ಣ ಮೊದಲು ಜುಟ್ಟನ್ನೇ ಹಿಡಿದು ಕತ್ತರಿಸಿ, ಸತ್ತ ಇಲಿಯಂತೆ ಎತ್ತಿ ಹಿಡಿದು "ಇದನ್ನ ಎಲ್ಲಿ ಇಡೂದು?" ಎಂದ. ಅಮ್ಮ ಬಾಳೆಲೆ ಚಾಚಿದಳು. ಆಮೇಲೆ ನೀರು ಚಿಮುಕಿಸಿ ಕತ್ತಿ ಹಿಡಿದ. ನೆತ್ತಿಯ ಹತ್ತಿರ ಬಂದಾಗ ಅವನ ಕೈ ನಿಂತಿತು.

"ಇಲ್ಲಿ ಕೆಲಸವೇ ಇಲ್ವಲ್ಲ ಮಾರಾಯ," ಎಂದ, ಇಡೀ ಚಪ್ಪರಕ್ಕೆ ಕೇಳುವಂತೆ. "ದೇವಿ ಅಮ್ಮನೋರು ಮುಂಚೇನೇ ತಕಂಡ್ ಹೋಗ್ಯಾರೆ!"

ಹಿಂದಕ್ಕೆ ಬಾಚಿ ಕಟ್ಟಿ ವರ್ಷಗಟ್ಟಲೆ ನಾನು ಮುಚ್ಚಿಟ್ಟಿದ್ದ ಗುಟ್ಟು ಹೀಗೆ ಸಾರ್ವಜನಿಕವಾಯಿತು.

ಸುಚಿ ಮಾತ್ರ ನಗಲಿಲ್ಲ. ಅವಳು ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕೂತು ಪ್ರತಿಯೊಂದನ್ನೂ ಪರೀಕ್ಷೆ ಮಾಡುತ್ತಿದ್ದಳು. ಮುಗಿದ ಮೇಲೆ ನನ್ನ ಸುತ್ತ ಒಂದು ಪ್ರದಕ್ಷಿಣೆ ಬಂದಳು. ಅಂಗೈಯಿಂದ ತಲೆ ಸವರಿದಳು.

"ನೋವಾಯ್ತಾ ಅಪ್ಪಾ?"

"ಇಲ್ಲ ಮಗಾ."

"ಇಲ್ಲೊಂದು ಗುಂಡಿ ಅದೆ."

"ಅದು ಮೊದ್ಲಿಂದ್ಲೂ ಇತ್ತು."

ಅವಳು ಸ್ವಲ್ಪ ಯೋಚಿಸಿ, ಯಾರೂ ಕರೆಯದೆಯೇ ಬಂದು ನನ್ನ ತೊಡೆಯ ಮೇಲೆ ನನಗೆ ಮುಖ ಮಾಡಿ ಕೂತಳು. ಸೋದರಮಾವನ ಹಕ್ಕಿನ ಬಗ್ಗೆ ಯಾರೋ ಹಿರಿಯರು ಏನೋ ಹೇಳಹೊರಟರು. ಕಚ್ಚಿಸಿಕೊಂಡ ಕೈ ಉಜ್ಜಿಕೊಳ್ಳುತ್ತಿದ್ದ ಸಂತೋಷನೇ "ನಂಗೆ ಬ್ಯಾಡ, ಬಾವನೇ ಕೂತ್ಕೊಳ್ಳಿ" ಎಂದ.

ತಿಮ್ಮಣ್ಣ ಮೆಲ್ಲಗೆ ಕತ್ತಿಯಾಡಿಸುತ್ತಾ ಹೋದ. ಸುಚಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಎರಡೂ ಕೈಯನ್ನು ನನ್ನ ಬೋಳು ತಲೆಯ ಮೇಲಿಟ್ಟು ತಬಲಾ ಬಾರಿಸುವ ಹಾಗೆ ತಟ್ಟುತ್ತಲೇ ಇದ್ದಳು. ಗುಂಗುರು ಸುರುಳಿಗಳು ಒಂದೊಂದಾಗಿ ನನ್ನ ಮೊಣಕೈ ಮೇಲೆ ಬಿದ್ದವು. ಕೂದಲ ಕೆಳಗಿನಿಂದ ಆ ಸಣ್ಣ ತಲೆ ಹೊರಬಂತು. ಗಾಜಿನ ಪೆಟ್ಟಿಗೆಯ ಹೊರಗೆ ನಿಂತು, ಮುಟ್ಟಲು ಬಿಡುತ್ತಾರೋ ಇಲ್ಲವೋ ಎಂದು ದಿನವಿಡೀ ನೋಡುತ್ತಿದ್ದೆನಲ್ಲ, ಅದೇ ತಲೆ. ಕಿವಿಯ ಹಿಂದಿನ ನೀಲಿ ನರವೂ ಹಾಗೆಯೇ ಇತ್ತು. ನಾನು ಭುಜಕ್ಕೆ ಕಣ್ಣು ಒರೆಸಿಕೊಂಡೆ.

"ಸಾಬೂನು ಕಣ್ಣಿಗೆ ಹೋಯ್ತು," ಎಂದೆ.

"ನಾ ಸಾಬೂನು ಹಾಕ್ಲೇ ಇಲ್ವಲ್ಲ," ಎಂದ ತಿಮ್ಮಣ್ಣ.

ಫೋಟೋದ ಕಥೆ ಹೇಳದಿರುವುದೇ ಒಳ್ಳೆಯದು. ಸಂತೋಷ ನೂರಾರು ತೆಗೆದಿದ್ದ. ಎಲ್ಲದರಲ್ಲೂ ಕ್ಯಾಮರಾದ ಫೋಕಸ್ ನನ್ನ ಹೊಳೆಯುವ ನೆತ್ತಿಯ ಮೇಲೇ ಕೂತಿತ್ತು. ಅದರ ಹಿಂದೆ ಮಸುಕಾಗಿ ಕಾಣುವುದು ನನ್ನ ಮಗಳ ಜವಳ.

ಸೋಮವಾರ ಸ್ಟುಡಿಯೋ ಬಾಗಿಲು ತೆಗೆದಾಗ ಇನ್ನೊಂದು ಪೀಕಲಾಟ ಶುರುವಾಯಿತು. ಪಕ್ಕದ ಬೇಕರಿಯವರು ಗಂಭೀರ ಮುಖ ಮಾಡಿಕೊಂಡು ಬಂದು ನನ್ನ ಕೈ ಹಿಡಿದುಕೊಂಡರು.

"ಯಾವಾಗ ಆತು? ನಂಗೆ ಒಂದು ಮಾತೂ ಹೇಳ್ಲಿಲ್ಲ ನೀವು. ಅಮ್ಮ ಮೊನ್ನೆ ಮೊನ್ನೆ ಗಟ್ಟಿ ಇದ್ರಲ್ಲ!"

ನಾನು ಬಾಯಿ ತೆರೆಯುವಷ್ಟರಲ್ಲಿ ಮೇಜಿನ ಮೇಲಿದ್ದ ಮೊಬೈಲ್ ಹೊಡೆದುಕೊಂಡಿತು. ಪರದೆಯ ಮೇಲೆ ದೊಡ್ಡದಾಗಿ 'ಅಮ್ಮ' ಎಂದು ಬಂತು. ಬೇಕರಿಯವರು ನನ್ನ ಕೈ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು.

ಅವರಿಗಾದರೂ ವಿವರಿಸಿದೆ. ರಸ್ತೆಯಲ್ಲಿ ಹೋಗುವವರಿಗೆಲ್ಲ ವಿವರಿಸುವುದು ಹೇಗೆ? ಸಂಜೆಯ ಹೊತ್ತಿಗೆ ಕುಮಟಾದ ಗಿರಾಕಿ ಸುಜಯ ಫೋನ್ ಮಾಡಿದರು. ಸಂತೆಗುಳಿಯ ತೋಟದ ಮನೆಯವರು, ಈಗ ಕುಮಟಾದಲ್ಲಿದ್ದಾರೆ. ಮುಂದಿನ ಭಾನುವಾರ ಅವರ ಮಗನ ಮೊದಲ ಹುಟ್ಟುಹಬ್ಬಕ್ಕೆ ನಾನೇ ಫೋಟೋ ತೆಗೆಯಬೇಕಿತ್ತು.

"ಭಾಸ್ಕರಣ್ಣ, ನಿಮ್ಮ ಅಂಗಡಿ ಮುಂದಿಂದ ಹೋಗ್ತಾ ನೋಡಿದೆ. ಮಾತಾಡ್ಸೋಕೆ ಧೈರ್ಯ ಬರ್ಲಿಲ್ಲ. ಸೂತಕದಲ್ಲಿ ನಿಮಗೆ ತೊಂದ್ರೆ ಬೇಡ, ಈ ಸಲ ಬೇರೆಯವರಿಗೆ ಹೇಳ್ತೆ. ಯಾರು ಹೋದದ್ದು?"

"ಯಾರೂ ಹೋಗ್ಲಿಲ್ಲ! ನನ್ನ ಮಗಳ ಜವಳ!"

"ಮಗಳ ಜವಳಕ್ಕೆ ನೀವು ಎಂತಕ್ಕೆ ಬೋಳಿಸಿದ್ದು?"

"ಅವಳು ಹೇಳಿದ್ಲು."

ಸುಜಯ ಮೆಲ್ಲಗೆ, ತನಗೇನೋ ನಂಬಿಕೆಯಿದೆ, ಮನೆಯಲ್ಲಿ ಅಜ್ಜಿಗೆ ಒಪ್ಪಿಸುವುದು ಕಷ್ಟ ಎಂದರು. ನಾನು ಸಾಕ್ಷಿಯನ್ನು ಕರೆದುಕೊಂಡೇ ಬರುತ್ತೇನೆ ಎಂದೆ.

ಭಾನುವಾರ ಸುಚಿಗೆ ಜರಿಯ ಲಂಗ ತೊಡಿಸಿ ಕುಮಟಾಕ್ಕೆ ಕರೆದೊಯ್ದೆ. ಬಾಗಿಲಲ್ಲೇ ಸುಜಯರ ಅಜ್ಜಿ ಮೂಕಾಂಬಿಕಾ ಕುರ್ಚಿ ಹಾಕಿಕೊಂಡು ಕೂತಿದ್ದರು. ಕನ್ನಡಕ ಏರಿಸಿ ನನ್ನ ತಲೆ ನೋಡಿದರು, ಸುಚಿಯ ತಲೆ ನೋಡಿದರು. ನನ್ನ ಮಾತನ್ನು ಕೇಳಲೇ ಇಲ್ಲ. ಸುಚಿಯನ್ನು ಹತ್ತಿರ ಕರೆದರು.

"ತಂಗೀ, ನಿಂಗೆ ಜವಳ ಆದ್ದು ಸರಿ. ಅಪ್ಪಂಗೆ ಎಂತಕ್ಕೆ?"

ಸುಚಿ ದನಿ ತಗ್ಗಿಸಿ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದಳು:

"ಅಪ್ಪಂಗೆ ಹೆದ್ರಿಕೆ ಆಗಿತ್ತು. ಅಳ್ತಿದ್ದ. ನಾ ಹತ್ರ ಕೂತ್ಕಂಡು ಮಾಡಿಸ್ದೆ. ಆಮೇಲೆ ಸುಮ್ಮನಾದ."

ನಾನು ತಿದ್ದಲು ಹೋದೆ. ಆದರೆ ಯಾವ ಭಾಗವನ್ನು ತಿದ್ದುವುದು ಎಂದು ತಕ್ಷಣ ಹೊಳೆಯಲಿಲ್ಲ. ಮೂಕಾಂಬಿಕಾ ಅಜ್ಜಿ ಅಷ್ಟರಲ್ಲಿ "ಪಾಪ, ಒಳಗೆ ಬನ್ನಿ" ಎಂದು ಎದ್ದಿದ್ದರು. ಆ "ಪಾಪ" ಯಾರಿಗೆ ಎಂಬುದರಲ್ಲಿ ಸಂಶಯವಿರಲಿಲ್ಲ. ಊಟಕ್ಕೆ ಕೂತಾಗ ನನ್ನ ಎಲೆಗೆ ಎರಡು ಹೋಳಿಗೆ ಹೆಚ್ಚಿಗೆ ಬಿದ್ದವು.

ಜೂನಿನಲ್ಲಿ ಸುಚಿ ಶಾಲೆಗೆ ಸೇರಿದಳು. ಮೊದಲ ದಿನ ಗೇಟಿನಲ್ಲಿ ಎಲ್ಲ ಮಕ್ಕಳೂ ಬೊಬ್ಬೆ ಹೊಡೆಯುತ್ತಿದ್ದವು. ಇವಳು ತಿರುಗಿಯೂ ನೋಡದೆ ಬ್ಯಾಗು ಹಾಕಿಕೊಂಡು ಒಳಗೆ ಹೋದಳು. ನಾನು ಮಳೆಯಲ್ಲಿ ಛತ್ರಿ ಹಿಡಿದು, ಕಿಟಕಿಯಲ್ಲಿ ಅವಳು ಕಾಣುತ್ತಾಳೋ ಎಂದು ಕತ್ತು ಉದ್ದ ಮಾಡಿ ನಿಂತೇ ಇದ್ದೆ. ಸ್ವಲ್ಪ ಹೊತ್ತಿಗೆ ಟೀಚರ್ ಹೊರಗೆ ಬಂದರು. ಚಿಕ್ಕ ವಯಸ್ಸಿನ ಹುಡುಗಿ, ತುಂಬ ಮೃದು ಸ್ವಭಾವ.

"ಸುಚಿತಾ ಎಲ್ಲಾ ಹೇಳಿದ್ಲು ಸಾರ್," ಎಂದರು. "ನೀವೇನೂ ಹೆದರ್ಬೇಡಿ. ಮನೆಗೆ ಹೋಗಿ. ಮಧ್ಯಾಹ್ನ ಬಂದ್ರೆ ಆತು."