ಹಿಂದಿನ ಬೆಂಚಿನ ದಂಡು

ಆ ವರ್ಷ ಲೋಕದಲ್ಲಿ ಎಂತೆಂಥ ಅನಾಹುತಗಳಾದವೋ, ಈಸ್ಟ್ ಹಾರ್ಲನ್ನಿನವರಿಗೆ ಅದರ ಗೊಡವೆ ಇರಲಿಲ್ಲ. ವರ್ಮಾಂಟ್ ಬೆಟ್ಟಗಳ ನಡುವಿನ ಆ ಊರಿನ ಮುಂದಿದ್ದ ಘನಗಂಭೀರ ಪ್ರಶ್ನೆ ಒಂದೇ: ಊರ ಕಾಡಿನೊಳಗಿನ ಮೊಳ ಅಗಲದ ಕಾಲುದಾರಿಯಲ್ಲಿ ಸೈಕಲ್ ಓಡಬಹುದೋ, ಕೂಡದೋ.

ಮಾರೆನ್ ಫಿಸ್ಕ್‌ಗಂತೂ ಅದು ಜೀವನ್ಮರಣದ ಮಾತು. ಮೂರು ಬೇಸಿಗೆ ಗುದ್ದಲಿ ಹಿಡಿದು ಆ ದಾರಿ ಕಡಿದವಳೇ ಅವಳು. ಒಂದೊಂದು ತಿರುವಿನಲ್ಲೂ ಅವಳ ಬೆನ್ನುನೋವಿನ ಪಾಲಿತ್ತು. ಸೈಕಲ್ ನಿಷೇಧಿಸಬೇಕೆಂದು ಠರಾವು ತಂದವರು ಆರ್ಡಿತ್ ಕೋಲ್ಬಿ. ಎಪ್ಪತ್ತು ದಾಟಿದ ಅಜ್ಜಿಯಾದರೂ ಅದೇ ದಾರಿಯಲ್ಲಿ ದಿನವೂ ಕುದುರೆ ಸವಾರಿ ಹೋಗುವವರು. ಬೆನ್ನ ಹಿಂದೆ ಸದ್ದಿಲ್ಲದೆ ಸೈಕಲ್ ಬಂದರೆ ಅವರ ಕುದುರೆ ಹೌಹಾರುತ್ತಿತ್ತು. ಕುದುರೆಗಿಂತ ಒಂದು ಕೈ ಹೆಚ್ಚಾಗಿ ಅವರು.

ಮಾರ್ಚ್ ತಿಂಗಳ ಊರ ಸಭೆಯಲ್ಲಿ ಕೈ ಎತ್ತಿ ತೀರ್ಮಾನ. ಮಾರೆನ್ ಊಟ ನಿದ್ದೆ ಬಿಟ್ಟು ಫೋನ್ ಮಾಡಿದ್ದೇ ಮಾಡಿದ್ದು. ಸಭೆಯ ದಿನ ಶಾಲೆಯ ಸಭಾಂಗಣಕ್ಕೆ ಅವಳ ಸೈಕಲ್ ಸಂಘದವರು ದಂಡು ಕಟ್ಟಿಕೊಂಡು ಬಂದಿಳಿದರು. ಅವಳ ಮಾತಿಗೆ ಬೆಲೆ ಕೊಟ್ಟು ಕೆಲವರು ಇಸ್ತ್ರಿ ಅಂಗಿ ಹಾಕಿದ್ದರು. ಒಬ್ಬನಂತೂ ಗಡ್ಡ ಬಾಚಿಕೊಂಡಿದ್ದ. ಅರ್ಧ ಸಭಾಂಗಣ ನಮ್ಮದೇ ಎಂದು ಮಾರೆನ್ ಒಳಗೊಳಗೇ ಬೀಗಿದಳು.

ಸಭಾಪತಿ ರಾಯ್ಸ್ ಟಟಲ್ ಸುತ್ತಿಗೆ ಕುಟ್ಟಿ, ಪ್ರತಿ ವರ್ಷದಂತೆ ಹೇಳಿದ: "ಈ ಊರಲ್ಲಿ ಓಟಿಲ್ಲದವರು ದಯವಿಟ್ಟು ಹಿಂದಿನ ಬೆಂಚಿಗೆ ಹೋಗಿ."

ದಂಡಿಗೆ ದಂಡೇ ಎದ್ದು ನಡೆಯಿತು. ಎಲ್ಲರೂ ಪಕ್ಕದ ಪಟ್ಟಣದವರು. ಇಲ್ಲಿಗೆ ಬರುತ್ತಿದ್ದುದು ಸೈಕಲ್ ತುಳಿಯಲು ಮಾತ್ರ. ಯಾವ ಬಂಡೆಯ ಮೇಲೆ ಯಾರ ಚಕ್ರ ಜಾರುತ್ತದೆಂದು ಬಲ್ಲ ಮಾರೆನ್, ಯಾರ ಮನೆ ಎಲ್ಲಿದೆಯೆಂದು ಕೇಳಿಯೇ ಇರಲಿಲ್ಲ. ಖಾಲಿ ಕುರ್ಚಿಗಳ ಮಧ್ಯೆ ಅವಳೊಬ್ಬಳೇ ಉಳಿದಳು.

ಮುಂದಿನ ಸಾಲಿನಿಂದ ಆರ್ಡಿತ್ ತಿರುಗಿ ನೋಡಿದರು. "ಏನೇ ಹುಡುಗಿ, ಪ್ರೇಕ್ಷಕರನ್ನ ಕರ್ಕೊಂಡು ಬಂದಿದ್ದೀಯಾ? ಟಿಕೆಟ್ ಇಟ್ಟಿದ್ರೆ ಶಾಲೆಗೆ ಹೊಸ ಸೂರು ಹಾಕಿಸಬಹುದಿತ್ತು."

ಪುಣ್ಯಕ್ಕೆ, ಸೈಕಲ್ ವಿಷಯ ಬರುವಷ್ಟರಲ್ಲಿ ಊಟದ ಬಿಡುವಾಯಿತು. ಮನೆಮನೆಯಿಂದ ಬೇಯಿಸಿದ ಬೀನ್ಸ್ ಪಾತ್ರೆಗಳೂ ಹಣ್ಣು ತುಂಬಿದ ಪೈಗಳೂ ಬಂದಿದ್ದವು. ಮಾರೆನ್ ತಟ್ಟೆ ಹಿಡಿದು, ಗಟ್ಟಿ ಮನಸ್ಸು ಮಾಡಿ ಆರ್ಡಿತ್ ಪಕ್ಕದಲ್ಲೇ ಕೂತಳು.

"ಬೇಡ್ಕೊಳ್ಳೋಕೆ ಬಂದ್ಯಾ?"

"ಹೌದು ಮಿಸೆಸ್ ಕೋಲ್ಬಿ. ಬೇರೆ ದಾರಿ ಇಲ್ಲ."

"ಮೂರು ವರ್ಷದಲ್ಲಿ ಒಂದು ಸಲಾನಾದ್ರೂ ನಮ್ಮನೆ ಬಾಗಿಲು ತಟ್ಟಿದ್ಯಾ?"

"ನಿಮ್ಮನ್ನ ಕಂಡ್ರೆ ಭಯ ಆಗ್ತಿತ್ತು."

"ನನ್ನ ಕುದುರೆಗೆ ನಿನ್ನ ಕಂಡ್ರೆ ಭಯ. ಸರಿಹೋಯ್ತು ಬಿಡು." ಆರ್ಡಿತ್ ಹಿಂದಿನ ಬೆಂಚಿನತ್ತ ಕಣ್ಣು ಹಾಯಿಸಿದರು. "ಆ ಗಡ್ಡದವನು ಮೂರನೇ ಸಲ ಬೀನ್ಸ್ ಹಾಕಿಸ್ಕೊಳ್ತಿದ್ದಾನಲ್ಲ, ಕೆಲಸಾನೂ ಹಂಗೇ ಮಾಡ್ತಾನಾ?"

"ಒಬ್ಬನೇ ಮರದ ದಿಮ್ಮಿ ಎತ್ತುತ್ತಾನೆ."

"ಹೌದಾ?" ಆರ್ಡಿತ್ ಚಮಚ ಕೆಳಗಿಟ್ಟರು. "ಕಾಡಿನ ತೊರೆ ಮೇಲಿನ ಸೇತುವೆ ಕೊಳೆತು ಬಿದ್ದಿದೆ. ನಮ್ಮ ಕುದುರೆಯವರಲ್ಲಿ ಓಟಿರೋರು ಬೇಕಾದಷ್ಟಿದ್ದಾರೆ ಕಣೆ, ಸೊಂಟ ನೆಟ್ಟಗಿರೋರು ಒಬ್ರೂ ಇಲ್ಲ."

"ಕುದುರೆ ಭಾರ ತಡೆಯೋ ಹಾಗೆ ನಾವು ಕಟ್ಟಿಕೊಡ್ತೀವಿ. ಕುದುರೆ ಕಂಡ ತಕ್ಷಣ ಸೈಕಲ್ ಇಳಿದು ನಿಲ್ತೀವಿ."

"ಸುಮ್ನೆ ನಿಂತ್ರೆ ಸಾಲದು, ಮಾತಾಡಿಸ್ಬೇಕು. ಮನುಷ್ಯರ ದನಿ ಕೇಳಿದ್ರೆ ಕುದುರೆ ಹೆದರಲ್ಲ." ಆಮೇಲೆ ಚಮಚ ಮತ್ತೆ ಎತ್ತಿಕೊಂಡು, "ನಾನೂ ಅಷ್ಟೇ," ಅಂದರು.

ಊಟವಾದ ಮೇಲೆ ಆರ್ಡಿತ್ ಎದ್ದು ನಿಂತು ತಮ್ಮ ಠರಾವಿಗೆ ತಾವೇ ತಿದ್ದುಪಡಿ ಸೂಚಿಸಿದರು: ಸೇತುವೆ ಆಗುವ ತನಕ ಸೈಕಲ್ ಕೂಡದು, ಆದಮೇಲೆ, ಭಾನುವಾರವೊಂದನ್ನು ಕುದುರೆಗಳಿಗೆ ಬಿಟ್ಟು, ಓಡಿಸಬಹುದು.

ರಾಯ್ಸ್ ಕನ್ನಡಕ ಏರಿಸಿದ. "ಅಲ್ಲ ಆರ್ಡಿತ್, ನಿನ್ನ ಠರಾವನ್ನ ನೀನೇ ಕೊಲ್ತಿದ್ದೀಯಲ್ಲ?"

"ಬಾಲ ಕತ್ತರಿಸ್ತಿದ್ದೀನಿ ಅಷ್ಟೆ. ಕೈ ಎಣಿಸು."

ಕೈಗಳು ಎದ್ದವು. ಎಲ್ಲಕ್ಕಿಂತ ಎತ್ತರಕ್ಕೆ ಎದ್ದದ್ದು ಸಭಾಂಗಣದ ಹಿಂಭಾಗದವು.

"ಹಿಂದಿನ ಬೆಂಚು, ಕೈ ಇಳಿಸಿ," ಎಂದ ರಾಯ್ಸ್.

ಅವನ್ನು ಬಿಟ್ಟು ಎಣಿಸಿದರೂ ತಿದ್ದುಪಡಿ ಪಾಸಾಯಿತು. ಜೂನ್ ಕೊನೆಗೆ ಸೇತುವೆ ಮುಗಿಯಿತು. ಸೋಮವಾರದಿಂದ ಶನಿವಾರದವರೆಗೆ ಆ ದಾರಿಯಲ್ಲಿ ಸೈಕಲ್ ಓಡುತ್ತದೆ.