ಮೂರನೇ ‘ಅಜೇಯ’ದ ಗಂಟೆ

ಬೆಳಿಗ್ಗೆ ನಾನೇ ಜಡೆ ಹೆಣೆದು ನೌಕಾಪಡೆಯ ಕಚೇರಿಗೆ ಕರೆತಂದಿದ್ದ ಮಗಳು ‘ಅಜೇಯ’ ಹೆಸರಿನ ಮೂರನೇ ಯುದ್ಧನೌಕೆಗೆ ಸೇರಲು ಸಹಿ ಹಾಕಬೇಕಿತ್ತು. ಹಳೆಯ ಹಡಗಿನ ಗಂಟೆಯನ್ನು ಅದೇ ಹೆಸರಿನ ಹೊಸ ಹಡಗಿಗೆ ಕಟ್ಟುವುದು ಅವರ ಸಂಪ್ರದಾಯವಂತೆ.

ಮೇಜಿನ ಮೇಲೆ ಫಳಫಳಿಸುತ್ತಿದ್ದ ಗಂಟೆಯನ್ನು ಸವರುತ್ತ ಅಧಿಕಾರಿ ಎದೆಯುಬ್ಬಿಸಿದ. “ಮೊದಲ ಅಜೇಯದಲ್ಲಿ ಮೊಳಗಿದ್ದೂ ಇದೇ ಗಂಟೆ, ಅಮ್ಮ. ಸೋಲೇ ಕಾಣದ ಹೆಸರು!”

ಆ ಮೊದಲ ಅಜೇಯದ ಜೊತೆಗೇ ನನ್ನಪ್ಪ ಸಮುದ್ರದ ತಳ ಸೇರಿದ್ದ.

“ಹೌದಾ ಸ್ವಾಮಿ? ಈಜು ಬಲ್ಲ ನಮ್ಮಪ್ಪನೇ ದಡ ಸೇರಲಿಲ್ಲ. ಈ ಹಿತ್ತಾಳೆ ಹೇಗೆ ಈಜ್ಕೊಂಡು ಬಂತು?”

ಅವನು ಕೆಮ್ಮಿದ. “ಅದು... ಹೋದ ತಿಂಗಳು ಎರಕ ಹೊಯ್ಸಿದ್ದು. ಹೆಸರು ಉಳೀಬೇಕಲ್ಲಮ್ಮ.”

“ಹಡಗಿನ ಹೆಸರು ಉಳಿಸ್ಕೊಂಡ್ರಿ ಸಾರ್,” ಎಂದಳು ಮಗಳು. “ಮುಳುಗಿದವರ ಹೆಸರು ಎಲ್ಲಿ ಬರೆದಿಟ್ಟಿದ್ದೀರಿ?”

ಅವನು ಕರವಸ್ತ್ರ ತೆಗೆದು ಗಂಟೆ ಒರೆಸತೊಡಗಿದ. ಮಗಳು ಪೆನ್ನಿನ ಮುಚ್ಚಳ ಹಾಕಿದಳು.

“ನಡಿ ಅಮ್ಮ, ಮನೆಗೆ.”