ಮಡಚಿಟ್ಟ ಎರಡು ಕಾಲು

“ಅಲ್ಲಮ್ಮಾ, ಅಂಗಿಯ ತೋಳನ್ನ ಯಾರಾದ್ರೂ ಸೊಂಟಕ್ಕೆ ಹೊಲೀತಾರಾ?”

ಮಾವ ಕೇಳಿದ ಧಾಟಿಗೆ ಸೊಸೆ ಕಿಸಕ್ಕನೆ ನಕ್ಕಳು. ಹೊಲಿಗೆಯೇ ಅವಳ ಕಸುಬು. ಅಂಥವಳು ಹಾಳೆಯ ಮೇಲೆ ಬರೆದ ಚಿಟ್ಟೆಯ ರೆಕ್ಕೆಗಳನ್ನು ಹೊಟ್ಟೆಯುದ್ದಕ್ಕೂ ಅಂಟಿಸಿಬಿಟ್ಟಿದ್ದಳು. ಎಷ್ಟೋ ಮಕ್ಕಳ ಫ್ರಾಕಿನ ಮೇಲೆ ಹೀಗೇ ಕಸೂತಿ ಹಾಕಿದ್ದಳು, ಒಂದು ಮಗುವೂ ತಕರಾರು ಮಾಡಿರಲಿಲ್ಲ.

“ತಲೆ, ಎದೆ, ಹೊಟ್ಟೆ. ನಾಲ್ಕು ರೆಕ್ಕೆ, ಆರು ಕಾಲು, ಎಲ್ಲಾ ಎದೆಯಿಂದಲೇ. ಹೊಟ್ಟೆ ಪಾಡಿಗೆ ಹೊಟ್ಟೆ ಇರ್ಲಿ ಬಿಡು, ಪಾಪ.”

ಮಾವ ನಲವತ್ತು ವರ್ಷ ಕೀಟಗಳ ಪುಸ್ತಕಗಳಿಗೆ ಚಿತ್ರ ಬರೆದವರು. ಎಂಥ ಕೈ ಅದು! ಅವರ ಚಿಟ್ಟೆಯ ಹತ್ತಿರ ಉಸಿರು ಬಿಡಲೂ ಹೆದರಿಕೆಯಾಗುತ್ತಿತ್ತು, ಎಲ್ಲಿ ಹಾರಿಹೋದೀತೋ ಎಂದು. ಈಗ ಆ ಕೈ ನಡುಗುತ್ತದೆ. ಕೊನೆಯ ಪುಸ್ತಕಕ್ಕೆ ಒಂದೇ ಒಂದು ಚಿತ್ರ ಬಾಕಿ. ಬರೆದರೆ ಸೊಸೆ ಬರೆಯಬೇಕು, ಇಲ್ಲವಾದರೆ ಪುಸ್ತಕವೇ ಬೇಡ ಎಂದು ಹಟ ಹಿಡಿದು ಕೂತಿದ್ದರು. ಅವಳೋ, ಇಷ್ಟು ವರ್ಷ ಅವರು ಬ್ರಷ್ ತೊಳೆಯುವ ಬಟ್ಟಲಿನ ನೀರು ಬದಲಿಸಿದವಳು, ಅಷ್ಟೇ. ಒಂದು ತಿಂಗಳಿಂದ ಬರೆದದ್ದನ್ನೆಲ್ಲ ಹರಿದುಹಾಕಿದ್ದಳು.

ಹೊಸ ಹಾಳೆಯಲ್ಲಿ ರೆಕ್ಕೆಗಳು ಎದೆಗೆ ಸರಿಯಾಗಿ ಕೂತವು. ಕಾಲಿನ ಹತ್ತಿರ ಪೆನ್ಸಿಲ್ ನಿಂತಿತು. ಮಾದರಿಗೆಂದು ಪಿನ್ನಿಗೆ ಚುಚ್ಚಿಟ್ಟ ಚಿಟ್ಟೆಯನ್ನು ಮತ್ತೆ ಮತ್ತೆ ನೋಡಿದಳು.

“ಎಷ್ಟು ಸಲ ಎಣಿಸಿದ್ರೂ ನಾಲ್ಕೇ ಕಾಲು ಮಾವ.”

“ಆರು ಅಂದ್ನಲ್ಲ, ಇನ್ನೆರಡು ಎಳೆದುಬಿಡು.”

“ಕಾಣದೇ ಇರೋದನ್ನ ಹೇಗೆ ಬರೀಲಿ?”

ಮಾವ ಭೂತಗನ್ನಡಿಯನ್ನು ಅವಳ ಕಡೆ ಸರಿಸಿದರು. ಅವಳು ಪಿನ್ನನ್ನು ಕೂದಲೆಳೆಯಷ್ಟೇ ತಿರುಗಿಸುತ್ತ ಹೋದಳು. ಬಟ್ಟೆಯ ಒಳಮಡಿಕೆ ಹುಡುಕಿ ಪಳಗಿದ ಕಣ್ಣು. ತಲೆಯ ಕೆಳಗೆ, ಎದೆಗೆ ಒತ್ತಿಕೊಂಡು, ಬ್ರಷ್ಷಿನಂತೆ ರೋಮ ತುಂಬಿದ ಎರಡು ಪುಟಾಣಿ ಕಾಲು.

“ಅಯ್ಯೋ ಮಾವ, ಇಲ್ಲಿ ಮಡಚಿ ಇಟ್ಕೊಂಡಿದೆ! ಇವು ನಡೆಯೋಕೆ ಬೇಡ್ವಾ?”

“ಈ ಜಾತಿಗೆ ಬೇಡ. ಅದು ನನ್ನ ಕಣ್ಣಿಗೆ ಬೀಳೋಕೆ ಎರಡು ವರ್ಷ ಹಿಡೀತು.”

ಅವಳು ಒಂದೊಂದೇ ರೋಮ ಬರೆದು ಮುಗಿಸಿದಳು. ಮಾವ ಹಾಳೆಯ ಮೇಲೆ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಕೊನೆಗೆ ಅವರು ಡ್ರಾಯರು ತೆರೆದು, ಆ ಕೊನೆಯ ಚಿತ್ರಕ್ಕೆಂದೇ ಎತ್ತಿಟ್ಟಿದ್ದ ದಪ್ಪ ಹಾಳೆಯನ್ನು ಅವಳ ಮುಂದಿನ ಹಲಗೆಗೆ ಸಿಕ್ಕಿಸಿದರು.

ಅಭ್ಯಾಸಬಲದಿಂದ ಅವಳು ನೀರು ತರಲು ಎದ್ದಳು.

“ನೀನು ಕೂತ್ಕೋ,” ಎಂದರು ಮಾವ.

ಬಟ್ಟಲು ತೆಗೆದುಕೊಂಡು ನಲ್ಲಿಯ ಕಡೆ ಹೋದರು. ಎರಡೂ ಕೈಯಲ್ಲಿ ಹಿಡಿದು, ನೆಲದುದ್ದಕ್ಕೂ ತುಳುಕಿಸುತ್ತ ಬಂದು, ಉಳಿದ ಅರ್ಧ ಬಟ್ಟಲು ನೀರನ್ನು ಅವಳ ಬಲಗೈ ಪಕ್ಕದಲ್ಲಿಟ್ಟರು.